ನೂರಕ್ಕೆ ನೂರು

"ಕೈ ಕಳಕೊಂಡವಳಿಗಂತೂ ತಲೇಲಿ ಏನೂ ಇರ್ಲಿಲ್ಲ. ನಿನಗಾದ್ರೂ ಇದ್ಯೋ, ಅದನ್ನೂ ಒಗೆಯೋಕೆ ಹಾಕಿದ್ಯೋ?"

ಸೂಪರ್‌ವೈಸರ್ ಬೆನ್ನ ಹಿಂದೆ ಬಂದು ನಿಂತಿದ್ದ. ಅವಳು ತಿರುಗಿ ನೋಡಲಿಲ್ಲ, ನೋಡುವ ಹಾಗೂ ಇರಲಿಲ್ಲ. ಒದ್ದೆ ಬೆಡ್‌ಶೀಟಿನ ಒಂದು ಮೂಲೆ ಅವಳ ಕೈಯಲ್ಲಿತ್ತು, ಇನ್ನೊಂದು ಮೂಲೆ ಪಕ್ಕದ ಹೊಸಬಳ ಕೈಯಲ್ಲಿ. ಇಬ್ಬರೂ ಒಟ್ಟಿಗೆ ಜಗ್ಗಿ ಸುಕ್ಕು ಬಿಡಿಸಿ, ಕಾದ ರೋಲರಿನ ಬಾಯಿಗೆ ಅಂಚು ಕೊಟ್ಟು, ಒಟ್ಟಿಗೇ ಕೈ ಬಿಡಬೇಕು. ಒಂದು ಗಳಿಗೆ ಮೊದಲು ಬಿಟ್ಟರೆ ಬಟ್ಟೆ ಸೊಟ್ಟ. ಒಂದು ಗಳಿಗೆ ತಡವಾದರೆ ಬೆರಳು. ಹೊಸಬಳು ಹೆದರಿ ಮೊದಲೇ ಬಿಟ್ಟಿದ್ದಳು. ಆಸ್ಪತ್ರೆಯ ಬೆಡ್‌ಶೀಟು ರೋಲರಿನ ಆ ಕಡೆಯಿಂದ ಮುದುಡಿದ ಕಾಗದದಂತೆ ಹೊರಬಿದ್ದಿತ್ತು.

"ನಾಳೆ ವಿಚಾರಣೆ ಸಾಹೇಬ್ರು ಬರ್ತಾರೆ. ಏನು ಹೇಳ್ಬೇಕು ಅಂತ ನೆನಪಿದೆ ತಾನೆ, ಟೀಚರಮ್ಮ?"

"ಇದೆ ಸಾರ್."

"ಹೇಳು ನೋಡೋಣ."

"ಅಕ್ಕ ಪಾಠ ಕೇಳಿದ್ದು ನಾನು ನೋಡಿದ್ದೀನಿ."

"ಹಾಂ. ಒಂದೇ ಸಾಲು. ಅದನ್ನೂ ಉಲ್ಟಾ ಹೇಳ್ಬೇಡ."

ಅವನು ಹೋದ ಮೇಲೆ ಹೊಸಬಳು ಅತ್ತ ತಿರುಗಿ, "ಹಲ್ಕಾ ನನ್ಮಗ" ಎಂದಳು. ಕೆಲಸಕ್ಕೆ ಸೇರಿ ಮೂರೇ ದಿನವಾಗಿದ್ದರೂ ಅಷ್ಟು ಕಲಿತಿದ್ದಳು.

ಈ ಲಾಂಡ್ರಿಯಲ್ಲಿ ಹತ್ತನೇ ಕ್ಲಾಸು ದಾಟಿದ ಹೆಂಗಸು ಅವಳೊಬ್ಬಳೇ. ಆದ್ದರಿಂದ ಎಲ್ಲರ ಬಾಯಲ್ಲೂ ಟೀಚರಮ್ಮ. ಔಷಧಿಯ ಚೀಟಿ, ಮಕ್ಕಳ ಸ್ಕೂಲಿನ ನೋಟೀಸು, ಮೊಬೈಲಿಗೆ ಬಂದ ಸಂದೇಶ, ಎಲ್ಲವೂ ಊಟದ ಹೊತ್ತಿಗೆ ಅವಳ ಮುಂದೆ ಬರುತ್ತಿದ್ದವು. ಅವಳನ್ನು ಇಲ್ಲಿಗೆ ಕೈ ಹಿಡಿದು ಕರೆತಂದವಳು ಅವಳ ಓರಗಿತ್ತಿ, ಗಂಡನ ಅಣ್ಣನ ಹೆಂಡತಿ. ಅವಳು ಅಕ್ಕ ಎಂದು ಕರೆಯುತ್ತಿದ್ದುದರಿಂದ ಇಲ್ಲಿನ ಮೂವತ್ತು ಹೆಂಗಸರಿಗೂ ಆಕೆ ಅಕ್ಕನೇ ಆಗಿದ್ದಳು. ಅಕ್ಕನ ಗಂಡ ಬದುಕಿಲ್ಲ. ಇವಳ ಗಂಡ ಲಾರಿಯ ಹಿಂದೆ ಊರೂರು ಅಲೆಯುವವನು, ತಿಂಗಳಿಗೊಮ್ಮೆ ಬಂದರೆ ಹೆಚ್ಚು. ಎರಡು ಕೋಣೆಯ ಮನೆಯಲ್ಲಿ ಓರಗಿತ್ತಿಯರಿಬ್ಬರೇ ಮೂರು ಮಕ್ಕಳನ್ನು ಸಾಕಿದರು. ಒಂಬತ್ತು ವರ್ಷ ಇದೇ ರೋಲರಿನ ಮುಂದೆ ಪಕ್ಕಪಕ್ಕ ನಿಂತರು. ಮೂಲೆ ಹಿಡಿದು ಅಕ್ಕ "ಬಿಡು" ಅನ್ನುವಳು, ನಾಲ್ಕು ಕೈ ಒಟ್ಟಿಗೆ ಬಿಡುವವು. ಮನೆಯಲ್ಲಿ ಜಗಳವಾಗಿ ಮಾತು ಬಿಟ್ಟ ದಿನಗಳಲ್ಲೂ ಆ ಒಂದು ಮಾತು ಮಾತ್ರ ನಡೆಯುತ್ತಿತ್ತು.

ಎರಡು ತಿಂಗಳ ಹಿಂದೆ ಆಸ್ಪತ್ರೆಗಳವರು ಒಂದು ಷರತ್ತು ಹಾಕಿದರು. ಕೆಲಸದವರಿಗೆಲ್ಲ ಅಪಾಯದ ಬಗ್ಗೆ ಪಾಠವಾಗಿರಬೇಕು, ಅದಕ್ಕೆ ಸರ್ಟಿಫಿಕೇಟು ಇರಬೇಕು, ಇಲ್ಲದಿದ್ದರೆ ಬಟ್ಟೆ ಬೇರೆ ಲಾಂಡ್ರಿಗೆ. ಮ್ಯಾನೇಜರ್ ಎಲ್ಲಿಂದಲೋ ಒಬ್ಬ ಕಂಪ್ಯೂಟರ್ ಮೇಡಂ ಅನ್ನು ಕರೆಸಿದ. ಆಕೆ ಆಫೀಸಿನ ಮೂಲೆಯ ಹಳೆಯ ಕಂಪ್ಯೂಟರಿಗೆ ಪಾಠದ ತಂತ್ರಾಂಶ ಹಾಕಿದಳು. ಹೇಗೆ ನಡೆಸಬೇಕೆಂದು ಯಾರಿಗಾದರೂ ಕಲಿಸಬೇಕಿತ್ತು, ಸೂಪರ್‌ವೈಸರ್‌ಗೆ ಪುರುಸೊತ್ತಿರಲಿಲ್ಲ. "ಟೀಚರಮ್ಮನಿಗೆ ಹೇಳ್ಕೊಡಿ" ಎಂದು ತನ್ನ ಪಾಸ್‌ವರ್ಡನ್ನು ಚೀಟಿಯಲ್ಲಿ ಗೀಚಿ ಕೊಟ್ಟು ಹೋದ.

ಕಂಪ್ಯೂಟರ್ ಮೇಡಂ ಅವಳನ್ನು ಕುರ್ಚಿಯ ಮೇಲೆ ಕೂರಿಸಿದಳು. ಆಫೀಸಿನ ಕುರ್ಚಿಯಲ್ಲಿ ಅವಳು ಕೂತದ್ದು ಅದೇ ಮೊದಲು. ಇದಕ್ಕೆ ಯಜಮಾನ ಅಂತ ಯಾರೂ ಇಲ್ಲಮ್ಮ, ಎಂದಿದ್ದಳು ಆಕೆ. ಎಷ್ಟೋ ದೇಶದವರು, ಒಬ್ಬರ ಮುಖ ಒಬ್ಬರು ನೋಡದವರು, ಸೇರಿ ಬರೆದು ಲೋಕಕ್ಕೆ ಬಿಟ್ಟದ್ದು. ಯಾರು ಬೇಕಾದರೂ ತೆಗೆದುಕೊಳ್ಳಬಹುದು, ನಕಲು ಮಾಡಬಹುದು, ಒಳಗೇನಿದೆ ಎಂದು ಬಿಚ್ಚಿ ನೋಡಬಹುದು. ಪಾಠಗಳೂ ಹಾಗೇ. ಓದು ಬಾರದವರಿಗೆ ಕಿವಿಯ ಚಿತ್ರ ಒತ್ತಿದರೆ ಸಾಕು, ಕೇಳಿಸುತ್ತದೆ. ಆ ದನಿ ಯಾವುದೋ ಊರಿನ ಲಾಂಡ್ರಿಯಲ್ಲಿ ಇದೇ ಕೆಲಸ ಮಾಡುವ ಹೆಂಗಸಿನದು, ನಮ್ಮ ಮಾತಿನಲ್ಲೇ ಹೇಳಿ ಕಳಿಸಿದ್ದಾಳೆ. ಯಾರು ಯಾವತ್ತು ಎಷ್ಟು ಹೊತ್ತು ಕೂತರು, ಯಾವ ಕಂಪ್ಯೂಟರಿನಲ್ಲಿ ಕೂತರು, ಅದೆಲ್ಲವನ್ನೂ ಇದು ತಾನೇ ಬರೆದಿಟ್ಟುಕೊಳ್ಳುತ್ತದೆ. ಮನೆಯ ಫೋನಿನಲ್ಲೂ ನಿಮ್ಮ ಹೆಸರು ಹಾಕಿ ತೆರೆಯಬಹುದು.

ಅವಳು ಕಿವಿಗೆ ಹೆಡ್‌ಫೋನು ಹಾಕಿಕೊಂಡು ಪಾಠ ಪೂರ್ತಿ ಕೇಳಿದಳು. ಐವತ್ತೆರಡು ನಿಮಿಷ. ಕೊನೆಯ ಹತ್ತು ಪ್ರಶ್ನೆಗೆ ಹತ್ತೂ ಸರಿ ಉತ್ತರ. ಮೇಡಂ ಅವಳ ಬೆನ್ನು ತಟ್ಟಿದಾಗ ಹತ್ತನೇ ಕ್ಲಾಸಿನ ರಿಸಲ್ಟಿನ ದಿನ ನೆನಪಾಗಿ ಕಣ್ಣು ತುಂಬಿತ್ತು.

ಮೇಡಂ ಹೋದ ಮೇಲೆ ಮ್ಯಾನೇಜರ್ ಅದರ ನೆತ್ತಿಗೆ ಕಂಪನಿಯ ಗುರುತು ಹಚ್ಚಿಸಿ, ನಾವೇ ಖರ್ಚು ಮಾಡಿ ಮಾಡಿಸಿದ್ದು ಎಂದು ಆಸ್ಪತ್ರೆಯವರಿಗೆ ತೋರಿಸಿದ. ಒಬ್ಬೊಬ್ಬರೂ ಒಂದೊಂದು ಗಂಟೆ ಕೂತು ಕೇಳಬೇಕು ಎಂದಾಗ ಸೂಪರ್‌ವೈಸರ್ ನಕ್ಕ.

"ಮೂವತ್ತು ಗಂಟೆ ರೋಲರ್ ಯಾರು ನಿಮ್ಮಪ್ಪ ಓಡಿಸ್ತಾನಾ? ಉತ್ತರ ನಿಂಗೊತ್ತಲ್ಲ. ಎಲ್ಲರ ಹೆಸರಲ್ಲೂ ನೀನೇ ಒತ್ತಿ ಮುಗಿಸು."

ಅವಳು ಒತ್ತಿದಳು. ಊಟದ ನಂತರ ಶುರುಮಾಡಿ ಸಂಜೆ ಗಂಟೆ ಬಾರಿಸುವುದರೊಳಗೆ ಮೂವತ್ತು ಜನ. ಮೊದಮೊದಲು ಆಟದಂತೆ ಅನ್ನಿಸಿತ್ತು. ಆಮೇಲೆ ಬೆರಳೇ ಉತ್ತರ ಕಲಿತುಬಿಟ್ಟಿತು. ಗ್ಲಾಸಿನಾಚೆ ಅಕ್ಕ ಬೇರೊಬ್ಬಳ ಜೊತೆ ಬೆಡ್‌ಶೀಟು ಕೊಡುತ್ತಿರುವುದು ಕಾಣುತ್ತಿತ್ತು. ಅಕ್ಕ ಇತ್ತ ನೋಡಿ, ಓದಿದವಳು ಕುರ್ಚಿ ಬಿಸಿ ಮಾಡ್ತಾವಳೆ ಎಂದು ಪಕ್ಕದವಳಿಗೆ ಹೇಳಿ ನಗುತ್ತಿದ್ದಳು. ಆ ನಗೆಯಲ್ಲಿ ಹೆಮ್ಮೆಯಿತ್ತು. ಅದೇ ಹೊತ್ತಿನಲ್ಲಿ ಅವಳು ಅಕ್ಕನ ಹೆಸರಿನಲ್ಲಿ ಒತ್ತುತ್ತಿದ್ದಳು. ನೂರಕ್ಕೆ ನೂರು.

ಅದಾಗಿ ಆರು ವಾರಕ್ಕೆ ಅಕ್ಕನ ಬಲಗೈ ರೋಲರಿನೊಳಗೆ ಹೋಯಿತು.

ಅಂಗಿಯ ತೋಳಿನ ತುದಿ ಬಟ್ಟೆಯ ಅಂಚಿಗೆ ಸಿಕ್ಕಿಕೊಂಡಿತ್ತು, ಅಷ್ಟೆ. ಅಕ್ಕ "ಬಿಡು" ಅಂದಳು, ಇವಳು ಬಿಟ್ಟಳು, ಅಕ್ಕನ ಕೈ ಬರಲಿಲ್ಲ. ಕೈ ಸಿಕ್ಕರೆ ಏನು ಮಾಡಬೇಕು ಎಂಬ ಪ್ರಶ್ನೆಗೆ ಮೂವತ್ತೊಂದು ಸಲ ಸರಿ ಉತ್ತರ ಒತ್ತಿದವಳು ಅಕ್ಕನ ಭುಜ ಹಿಡಿದು ಎಳೆದಳು. ಮೂವತ್ತೊಂದು ಸಲವೂ ಒತ್ತಿದ್ದು, ಕೆಂಪು ಹಗ್ಗ ಎಳೆಯಬೇಕು ಎಂದು. ಕೆಂಪು ಹಗ್ಗ ಮೇಲೆ ಇತ್ತು. ಬಟ್ಟೆ ತಗುಲಿ ಮೆಷಿನ್ ನಿಂತುಹೋಗುತ್ತದೆಂದು ಸೂಪರ್‌ವೈಸರ್ ಯಾವತ್ತೋ ಅದನ್ನು ಸುತ್ತಿಸಿ, ಮೇಲಿನ ಪೈಪಿಗೆ ಗಂಟು ಹಾಕಿಸಿದ್ದ. ಯಾರ ಕೈಗೂ ಎಟುಕುತ್ತಿರಲಿಲ್ಲ. ಮೆಕ್ಯಾನಿಕ್ ಓಡಿ ಹೋಗಿ ಮೇನ್ ಸ್ವಿಚ್ಚು ಆರಿಸುವ ತನಕ ಅಕ್ಕ ಕೂಗಲೂ ಇಲ್ಲ. ಇವಳ ಮುಖವನ್ನೇ ನೋಡುತ್ತಿದ್ದಳು, ಮನೆಯಲ್ಲಿ ಏನೋ ಮರೆತು ಬಂದವಳ ಹಾಗೆ.

ಕೈ ಹೋಗಿ ಎರಡು ವಾರಕ್ಕೆ, ಸೂಪರ್‌ವೈಸರ್ ಹೇಳಿದ್ದ ಹಾಗೆ, ವಿಚಾರಣೆಯ ಸಾಹೇಬರು ಬಂದರು. ಮ್ಯಾನೇಜರ್ ಕೋಣೆಯಲ್ಲಿ ಎರಡು ಕುರ್ಚಿ. ಒಂದರಲ್ಲಿ ಸಾಹೇಬರು, ಇನ್ನೊಂದರಲ್ಲಿ ಅವರ ಚೀಲ. ಅಕ್ಕ ಗೋಡೆಗೆ ಒರಗಿ ನಿಂತಿದ್ದಳು. ಕೈ ಮಣಿಕಟ್ಟಿಗೇ ಮುಗಿದಿತ್ತು, ಅದಕ್ಕೆ ಸುತ್ತಿದ ಬಿಳಿ ಬಟ್ಟೆಯನ್ನು ಇನ್ನೊಂದು ಕೈಯಿಂದ ಮುಚ್ಚಿಕೊಂಡಿದ್ದಳು, ತಪ್ಪು ಮಾಡಿದವಳಂತೆ. ಮ್ಯಾನೇಜರ್ ಸರ್ಟಿಫಿಕೇಟಿನ ಪ್ರತಿಯನ್ನು ಮುಂದಿಟ್ಟ. ಸಾಹೇಬರು ಕನ್ನಡಕ ಏರಿಸಿದರು.

"ನೂರಕ್ಕೆ ನೂರು. ನನ್ನ ಮಗನಿಗೂ ಬರಲ್ಲಮ್ಮ ಇಷ್ಟು ಮಾರ್ಕು." ಮ್ಯಾನೇಜರ್ ನಕ್ಕ, ಅವನು ನಕ್ಕನೆಂದು ಸೂಪರ್‌ವೈಸರ್ ನಕ್ಕ. "ಇಷ್ಟೆಲ್ಲ ಗೊತ್ತಿದ್ದೂ ಕೈ ಹಾಕಿದ್ಯಲ್ಲ, ಏನನ್ನೋಣ ನಿಂಗೆ? ಪಾಠ ಕೇಳಿದ್ದೆಯೋ ಇಲ್ವೋ?"

ಅವಳು ಬಾಗಿಲ ಬಳಿ ನಿಂತಿದ್ದಳು. ಹಿಂದಿನ ಸಂಜೆ ಅಕ್ಕನ ತಲೆ ಬಾಚುತ್ತ ಎಲ್ಲವನ್ನೂ ಹೇಳಿಬಿಟ್ಟಿದ್ದಳು. ನಿನ್ನ ಹೆಸರಲ್ಲಿ ಒತ್ತಿದವಳು ನಾನು, ನೀನು ಇಲ್ಲ ಅಂದುಬಿಡು, ಎಂದಿದ್ದಳು. ಅಕ್ಕ ತಲೆ ಕೊಟ್ಟು ಕೂತಿದ್ದಳು.

ಈಗ ಅಕ್ಕ ಅವಳತ್ತ ನೋಡಲೇ ಇಲ್ಲ.

"ಕೇಳಿದ್ದೀನಿ ಸ್ವಾಮಿ. ಮರೆತ್ಬಿಟ್ಟೆ."

"ನೋಡಿದ್ರಾ?" ಎಂದ ಮ್ಯಾನೇಜರ್.

ಅವಳನ್ನು ಯಾರೂ ಏನೂ ಕೇಳಲಿಲ್ಲ. ಕೇಳುವ ಅಗತ್ಯವೇ ಬೀಳಲಿಲ್ಲ. ಹೇಳಿಕೆಯ ಕಾಗದವನ್ನು ಮುಂದೆ ಚಾಚಿದಾಗ ಅಕ್ಕ ರೂಢಿಯಂತೆ ಬಲಗೈ ಎತ್ತಿದಳು. ಬಿಳಿ ಬಟ್ಟೆಯ ಉಂಡೆ ಮೇಜಿನ ಅಂಚಿಗೆ ತಗುಲಿದಾಗ ಹಲ್ಲು ಕಚ್ಚಿಕೊಂಡಳು. "ಎಡಗೈ ಹೆಬ್ಬೆಟ್ಟಿದೆಯಲ್ಲ, ಅದನ್ನ ಒತ್ತು. ಹೊತ್ತಾಯ್ತು" ಎಂದು ಸೂಪರ್‌ವೈಸರ್ ಶಾಯಿಯ ಪ್ಯಾಡು ಸರಿಸಿದ. ಸಾಹೇಬರು ಏಳುತ್ತ, ಯಾರಿಗಾದರೂ ಬೇರೆ ಏನಾದರೂ ಹೇಳುವುದಿದ್ದರೆ ಸೋಮವಾರ ಸಂಜೆಯೊಳಗೆ ಕಚೇರಿಗೆ ಬಂದು ಬರೆದು ಕೊಡಬಹುದು, ಆಮೇಲೆ ಫೈಲು ಮುಚ್ಚುತ್ತದೆ, ತಪ್ಪು ಕೆಲಸದವಳದೇ ಎಂದಾಗುತ್ತದೆ ಎಂದರು. ಯಾರಿಗೆ ಹೇಳಿದರೋ, ಗೋಡೆಯ ಗಡಿಯಾರದ ಕಡೆ ನೋಡುತ್ತ ಹೇಳಿದರು.

ಮನೆಗೆ ಬಂದ ಮೇಲೆ ಅವಳು ಜಗಳ ತೆಗೆದಳು. ಯಾಕೆ ಹಾಗಂದೆ, ನಿನ್ನ ಕೈ ಹೋದದ್ದು ನಿನ್ನ ತಪ್ಪಿನಿಂದ ಅಂತ ನೀನೇ ಬರೆದುಕೊಟ್ಟೆಯಲ್ಲ ಎಂದು ಕೂಗಾಡಿದಳು. ಅಕ್ಕ ಎಡಗೈಯಲ್ಲಿ ಹಾಸಿಗೆ ಬಟ್ಟೆ ಸರಿಮಾಡುತ್ತ, ತರಕಾರಿಯ ಲೆಕ್ಕ ಹೇಳುವಂತೆ ಹೇಳಿದಳು: ಒಬ್ಬಳ ಕೆಲಸ ಹೋಯಿತು, ನಿನ್ನದೂ ಹೋದರೆ ಈ ಮೂರು ಮಕ್ಕಳ ಬಾಯಿಗೆ ಏನು ಹಾಕೋಣ, ನಿನ್ನ ಓದು ಹಾಕೋಣವೇ?

ಸ್ವಲ್ಪ ಹೊತ್ತಿನ ಮೇಲೆ ಅಕ್ಕನೇ ಕೇಳಿದಳು.

"ಅಲ್ಲಾ ಕಣೇ, ಆ ಪಾಠದಲ್ಲಿ ಏನಿತ್ತು?"

"ಬಿಡಕ್ಕ ಈಗ್ಯಾಕೆ."

"ನೂರಕ್ಕೆ ನೂರು ತಗೊಂಡೋಳು ನಾನು. ಏನು ಓದ್ದೆ ಅಂತ ಗೊತ್ತಾಗ್ಬೇಡ್ವಾ? ಹಾಕು."

ಅವಳು ಫೋನಿನಲ್ಲಿ ಅಕ್ಕನ ಹೆಸರು ಹಾಕಿ ಪಾಠ ತೆರೆದಳು. ಅಕ್ಕ ಗೋಡೆಗೆ ಒರಗಿ, ಫೋನನ್ನು ಎಡಗೈಯಲ್ಲಿ ಹಿಡಿದು, ಮಗುವಿನಂತೆ ಬಾಯಿ ತೆರೆದು ಕೇಳಿದಳು. ಒಳಗಿನ ಹೆಂಗಸಿನ ದನಿ ಬಾವಿಕಟ್ಟೆಯಲ್ಲಿ ನಿಂತು ಮಾತಾಡುವವಳ ಹಾಗಿತ್ತು, ನಡುವೆ ಒಮ್ಮೆ ಕೆಮ್ಮಿದಳು ಕೂಡ. ಅಕ್ಕ ಅದಕ್ಕೆ ನಕ್ಕಳು. "ಇವಳಿಗೂ ಸೋಪಿನ ಹೊಗೆ ಗಂಟಲಿಗೆ ಹಿಡಿದದೆ." ತೋಳು ಮಡಿಸಿಕೊಳ್ಳಿ ಅಂದಾಗ ಹೂಂಗುಟ್ಟಿದಳು. ನಾಲ್ಕನೇ ಪಾಠ ಬಂತು. ಕೆಂಪು ಹಗ್ಗ ನಿಮ್ಮ ಎದೆಯ ಎತ್ತರಕ್ಕೆ ಇರಬೇಕು ಕಣ್ರವ್ವಾ, ಯಾರಾದ್ರೂ ಅದನ್ನ ಮೇಲೆ ಕಟ್ಟಿದ್ರೆ ಅವತ್ತು ಮೆಷಿನ್‌ಗೆ ಕೈ ಹಚ್ಚಬೇಡಿ, ಬಿಚ್ಚೋ ತನಕ ಸುಮ್ನೆ ನಿಂತ್ಕೊಳ್ಳಿ, ಎಂದಿತು ದನಿ.

ಅಕ್ಕ ನಗುವುದನ್ನು ನಿಲ್ಲಿಸಿದಳು. ಕೊನೆಯ ತನಕ ಕೇಳಿ ಫೋನನ್ನು ಮಡಿಲಿಗಿಟ್ಟುಕೊಂಡಳು.

"ಇಷ್ಟೇನಾ?"

"ಹೂಂ ಅಕ್ಕ."

"ಇಷ್ಟು ನಂಗೂ ಅರ್ಥ ಆಗ್ತಿತ್ತಲ್ಲೇ." ಬೈದದ್ದಲ್ಲ. ಸುಮ್ಮನೆ ಆಶ್ಚರ್ಯಪಟ್ಟದ್ದು. "ಹಗ್ಗ ಕಟ್ಟಿದ್ರೆ ನಿಂತ್ಕೊಳ್ಳಿ ಅಂತಾಳೆ. ನಂಗೆ ಗೊತ್ತಿದ್ದಿದ್ರೆ ನಿಂತ್ಬಿಡ್ತಿದ್ದೆ. ಆ ಮುಂಡೇಗಂಡನ ಮುಖಕ್ಕೇ ಹೇಳಿ ನಿಂತ್ಬಿಡ್ತಿದ್ದೆ."

ನಿಂತುಬಿಡುತ್ತಿದ್ದಳು, ಅದರಲ್ಲಿ ಅನುಮಾನವಿಲ್ಲ. ಕುಡಿಯುವ ನೀರು ಕೆಟ್ಟಿತ್ತೆಂದು ಎರಡು ವರ್ಷದ ಹಿಂದೆ ಇಡೀ ಪಾಳಿಯನ್ನು ಅಂಗಳಕ್ಕೆ ಕರೆದು ಕೂರಿಸಿದವಳು ಅಕ್ಕ. ನಿಲ್ಲದೆ ಹೋದವಳು ಇವಳು. ಐವತ್ತೆರಡು ನಿಮಿಷ ಕೇಳಿ, ಬೆನ್ನು ತಟ್ಟಿಸಿಕೊಂಡು, ಆರು ವಾರ ಅದೇ ಗಂಟಿನ ಕೆಳಗೆ ಬಾಯಿ ಮುಚ್ಚಿ ಬಟ್ಟೆ ಕೊಟ್ಟವಳು ಇವಳು. ನೀನ್ಯಾಕೆ ಹೇಳಲಿಲ್ಲ ಎಂದು ಅಕ್ಕ ಕೇಳಲಿಲ್ಲ. ಕೇಳಿದ್ದರೆ ಸಲೀಸಾಗುತ್ತಿತ್ತು. ಅಕ್ಕ ಮತ್ತೆ ಮೊದಲಿನಿಂದ ಹಾಕೆಂದಳು. ಕಲಿತದ್ದು ಇನ್ನೆಲ್ಲಿ ಉಪಯೋಗಕ್ಕೆ ಬರುತ್ತದೆಂದುಕೊಂಡಳೋ ಏನೋ, ಎರಡನೇ ಸಲವೂ ಅಷ್ಟೇ ಗಮನವಿಟ್ಟು, ಹೂಂಗುಟ್ಟುತ್ತ ಕೇಳಿದಳು.

ಶುಕ್ರವಾರ ಊಟದ ನಂತರ ಸೂಪರ್‌ವೈಸರ್ ಗ್ಲಾಸಿನ ಬಾಗಿಲು ತಟ್ಟಿದ.

"ಟೀಚರಮ್ಮ, ಹೊಸಬರು ಮೂರು ಜನ ಇದಾರೆ. ಟಿಕ್ ಹೊಡ್ದು ಮುಗಿಸು ಬಾ. ಹತ್ತು ನಿಮಿಷದ ಕೆಲ್ಸ."

ಅವಳು ಕುರ್ಚಿಯಲ್ಲಿ ಕೂತಳು. ಅವನ ಪಾಸ್‌ವರ್ಡು ಹಾಕಿದಳು. ಹೊಸಬರ ಮೂರು ಹೆಸರು ಬಿಳಿಯಾಗಿ ಕಾದಿದ್ದವು. ಮೊದಲನೆಯದು ತನ್ನ ಪಕ್ಕ ನಿಲ್ಲುವವಳದು. ಮೌಸಿನ ಬಾಣವನ್ನು ಅದರ ಮೇಲೆ ಇಟ್ಟಳು. ಇಟ್ಟುಕೊಂಡೇ ಬಹಳ ಹೊತ್ತು ಕೂತಳು.

ಆಮೇಲೆ ಅದನ್ನು ಬಿಟ್ಟು, ಮೇಡಂ ತೋರಿಸಿಕೊಟ್ಟಿದ್ದ ಇನ್ನೊಂದು ಪುಟ ತೆರೆದಳು. ಪರೀಕ್ಷೆ ಮುಗಿಸಿದವರದು ಮೂವತ್ತೊಂದು ಸಾಲು. ಮೊದಲನೆಯ ಸಾಲು ಅವಳದು: ಐವತ್ತೆರಡು ನಿಮಿಷ. ಅದರ ಕೆಳಗಿನ ಮೂವತ್ತೂ ಒಂದೇ ದಿನ, ಒಂದೇ ಕಂಪ್ಯೂಟರು, ಒಬ್ಬಳು ಎದ್ದ ಗಳಿಗೆಗೇ ಇನ್ನೊಬ್ಬಳು ಕೂತಂತೆ, ಮೂರು ನಿಮಿಷ, ನಾಲ್ಕು ನಿಮಿಷ, ಮೂರು ನಿಮಿಷ. ಅದೇ ಹೊತ್ತಿನಲ್ಲಿ ಆ ಮೂವತ್ತು ಜನ ಎಲ್ಲಿ ನಿಂತಿದ್ದರು ಎಂಬುದು, ಯಾರಿಗೆ ಯಾವ ಮೆಷಿನ್ ಎಂದು ಬರೆಯುವ ಪಾಳಿ ಪುಸ್ತಕದಲ್ಲಿದೆ. ಹತ್ತೊಂಬತ್ತನೆಯ ಸಾಲು ಅಕ್ಕನದು. ಕಂಪನಿಯ ಗುರುತು ಪುಟದ ನೆತ್ತಿಯ ಮೇಲೆ ಮಿರಮಿರ ಮಿಂಚುತ್ತಿತ್ತು. ಅದರ ಕೆಳಗೆ ಬರೆದದ್ದನ್ನು ಅಳಿಸಬೇಕೆಂದು ಯಾರಿಗೂ ತೋಚಿರಲಿಲ್ಲ, ಯಾರೂ ತೆರೆದು ನೋಡಿರಲಿಲ್ಲ.

ಪ್ರಿಂಟರು ಎರಡು ಹಾಳೆ ಉಗುಳಿತು. ಸದ್ದು ರೋಲರಿನ ಸದ್ದಿನಲ್ಲಿ ಮುಳುಗಿಹೋಯಿತು. ಬೆಡ್‌ಶೀಟು ಮಡಿಸುವ ಕೈಯಲ್ಲವೇ, ನಾಲ್ಕೇ ಮಡಿಕೆಗೆ ಅಂಗೈಯಷ್ಟಾಯಿತು. ಏಪ್ರನ್ನಿನ ಒಳಜೇಬಿಗೆ ಇಟ್ಟುಕೊಂಡಳು. ಸೋಮವಾರ ಬೆಳಿಗ್ಗೆ ಸಾಹೇಬರ ಕಚೇರಿಗೆ ಬಸ್ಸಿನಿಂದ ಎರಡು ಸ್ಟಾಪು ಮೊದಲೇ ಇಳಿಯಬೇಕು. ಹಾಳೆಯ ಹಿಂಬದಿಯಲ್ಲಿ ತನ್ನ ಕೈಬರಹದಲ್ಲಿ ಬರೆಯಬೇಕಾದದ್ದು ಬಹಳವಿರಲಿಲ್ಲ. ಒತ್ತಿದವಳು ನಾನು. ಒತ್ತಿಸಿದವನು ಇವನು. ಹಗ್ಗ ಇವತ್ತಿಗೂ ಮೇಲೇ ಇದೆ. ಅಕ್ಕನಿಗೆ ಹೇಳುವಂತಿರಲಿಲ್ಲ. ಹೇಳಿದರೆ ಆ ಒಂದೇ ಕೈಯಲ್ಲಿ ಕಾಲು ಹಿಡಿದುಕೊಂಡುಬಿಡುವಳು. ಹೊಸಬರ ಮೂರು ಹೆಸರು ಪರದೆಯ ಮೇಲೆ ಬಿಳಿಯಾಗಿಯೇ ಉಳಿದವು.

"ಆಯ್ತಾ?" ಎಂದ ಸೂಪರ್‌ವೈಸರ್.

"ಆಯ್ತು ಸಾರ್."

"ಎಷ್ಟು ಬಂತು?"

"ಎಲ್ಲರಿಗೂ ನೂರಕ್ಕೆ ನೂರು."

ಹೊಸಬಳು ಮೂಲೆ ಹಿಡಿದು ಕಾಯುತ್ತಿದ್ದಳು. ಅವಳು ಹೋಗಿ ಪಕ್ಕದಲ್ಲಿ, ಮೊದಲು ಅಕ್ಕ ನಿಲ್ಲುತ್ತಿದ್ದ ಕಡೆ ನಿಂತಳು. ಒದ್ದೆ ಬಟ್ಟೆ ಜಗ್ಗಿ ಸುಕ್ಕು ಬಿಡಿಸಿದರು. ತಲೆಯ ಮೇಲೆ, ಪೈಪಿನ ಬಳಿ, ಕೆಂಪು ಗಂಟು ಹಬೆಯಲ್ಲಿ ಅಷ್ಟಷ್ಟೇ ತೂಗುತ್ತಿತ್ತು. ಅಂಚು ರೋಲರಿನ ಬಾಯಿಗೆ ಹೋಯಿತು.

"ಬಿಡು" ಎಂದಳು.