ಎರಡು ಪದ ಕಡಿಮೆಯಿದ್ದ ಪತ್ರ

ಗವರ್ನರ್ ವೈಕಾಫ್ ಅವರ ಪತ್ರ ಜನವರಿ ಒಂಬತ್ತರಂದು ಬಂತು. ಅದರಲ್ಲಿ ಎರಡು ಪದ ಕಡಿಮೆ ಇದ್ದವು.

ಪತ್ರದ ಕೊನೆಗೆ ‘ತಮ್ಮ ಅತ್ಯಂತ ವಿಧೇಯ, ಅತ್ಯಂತ ವಿನಮ್ರ ಸೇವಕ’ ಎಂದು ಬರೆದು ಸಹಿ ಹಾಕುವುದು ದೊಡ್ಡವರ ರೂಢಿ. ಯಾರೂ ಯಾರ ಸೇವೆಯನ್ನೂ ಮಾಡುತ್ತಿರಲಿಲ್ಲ, ಅದು ಬೇರೆ ಮಾತು. ಎದುರಿನವನನ್ನು ಗಲ್ಲಿಗೇರಿಸುತ್ತೇನೆ ಎಂದು ಬರೆಯುವವರೂ ಆ ಸಾಲನ್ನು ಬಿಡುತ್ತಿರಲಿಲ್ಲ. ವೈಕಾಫ್ ‘ಅತ್ಯಂತ ವಿನಮ್ರ’ ಎಂಬುದನ್ನು ಬಿಟ್ಟಿದ್ದರು. ಜನರಲ್ ಟರ್ಹ್ಯೂನ್ ಕನ್ನಡಕ ಏರಿಸಿಕೊಂಡು ಆ ಸಾಲನ್ನು ಮೂರು ಸಲ ಓದಿದರು. ಅದಕ್ಕೆ ಮುಂಚಿನ ನಾಲ್ಕು ಪುಟಗಳಲ್ಲಿ ಸೈನ್ಯಕ್ಕೆ ಕಳಿಸುವ ಹಿಟ್ಟಿನ ವಿಷಯವಿತ್ತು. ಅದು ಅವರ ತಲೆಗೆ ಹೋಗಲಿಲ್ಲ.

“ವಿಧೇಯ ಅಂತೆ, ಆದ್ರೆ ವಿನಮ್ರ ಅಲ್ವಂತೆ. ನೋಡಿದ್ಯೇನಯ್ಯ ಅಸಾ?”

ಅಸಾ ಪೆಲ್ಟನ್ ಜನರಲ್ ಅವರ ಕಾರ್ಯದರ್ಶಿ. ಅವರು ಹೇಳಿದ್ದನ್ನು ಬರೆದು, ಓದಿ ಹೇಳಿ, ಸಹಿ ಮಾಡಿಸಿ ಕಳಿಸುವುದು ಅವನ ಕೆಲಸ. ಆ ಹೊತ್ತಿನಲ್ಲಿ ಅವನ ಕೈಯಲ್ಲಿ ಸಹಿಗಾಗಿ ತಂದ ಒಂದು ಪತ್ರವಿತ್ತು. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಸಿಕ್ಕಿಬಿದ್ದು ನ್ಯೂಯಾರ್ಕಿನ ಸೆರೆಯಲ್ಲಿದ್ದ ನಮ್ಮ ಎಂಟು ಜನರನ್ನು ಬಿಟ್ಟುಕೊಡಲು ಬ್ರಿಟಿಷರು ಒಪ್ಪಿದ್ದರು. ಬದಲಿಗೆ ಅವರ ಎಂಟು ಜನರನ್ನು ನಾವು ಬಿಡಬೇಕು. ನಮ್ಮವರು ರಾಜ್ಯದ ನಾಡಪಡೆಯವರಾದ್ದರಿಂದ ಗವರ್ನರ್ ಒಪ್ಪಿಗೆ ಬೇಕಿತ್ತು, ಆ ಒಪ್ಪಿಗೆಯನ್ನು ಜನರಲ್ ಅವರೇ ಕೇಳಬೇಕಿತ್ತು. ಪಟ್ಟಿಯಲ್ಲಿ ಐದನೆಯ ಹೆಸರು ರೂಬೆನ್ ಪೆಲ್ಟನ್. ಅಸಾನ ತಮ್ಮ.

“ಸಾಹೇಬ್ರೇ, ಇದಕ್ಕೊಂದು ಸಹಿ ಬೇಕಿತ್ತು. ಗವರ್ನರ್‌ಗೆ ಹೋಗ್ಬೇಕು.”

“ಅವನು ಮೊದ್ಲು ನೆಟ್ಟಗೆ ಬರೀಲಿ. ಆಮೇಲೆ ನೋಡೋಣ.”

“ನನ್ ತಮ್ಮ ಇದ್ದಾನೆ ಅದ್ರಲ್ಲಿ. ಜ್ವರ ಅಂತ ಸುದ್ದಿ ಬಂದಿದೆ.”

“ಗೊತ್ತಯ್ಯ, ನಂಗೇನು ಕರುಳಿಲ್ವಾ? ಆದ್ರೆ ಇವತ್ತು ನಾನು ತಗ್ಗಿದ್ರೆ ಇಡೀ ಸೈನ್ಯ ತಗ್ಗಿದ ಹಾಗೆ.”

ಸೈನ್ಯ ಆಗ ನ್ಯೂಜೆರ್ಸಿಯ ಬೆಟ್ಟದ ಮೇಲೆ ಮೊಣಕಾಲುದ್ದ ಹಿಮದಲ್ಲಿ ಕಾಲಿಗೆ ಚಿಂದಿ ಸುತ್ತಿಕೊಂಡು ನಿಂತಿತ್ತು. ಅದು ಇನ್ನೆಷ್ಟು ತಗ್ಗಲು ಸಾಧ್ಯವೆಂದು ಅಸಾಗೆ ಹೊಳೆಯಲಿಲ್ಲ.

ಅವನು ದಿನಾ ಆ ಪತ್ರವನ್ನು ಮೇಜಿನ ಮೇಲೆ ಇಡುತ್ತಿದ್ದ. ಜನರಲ್ ದಿನಾ ಅದನ್ನು ಪಕ್ಕಕ್ಕೆ ಸರಿಸುತ್ತಿದ್ದರು. ಅವರು ಬೀಡು ಬಿಟ್ಟಿದ್ದ ಮನೆಯ ಒಡತಿ, ಡಚ್ ವಿಧವೆ ಮರೀಟ್ಜೆ, ಒಲೆಯ ಮುಂದೆ ಜೋಳದ ಗಂಜಿ ತಿರುವುತ್ತ ಇದನ್ನೆಲ್ಲ ನೋಡುತ್ತಿದ್ದಳು.

“ನಾವು ಹೆಂಗಸರಾದ್ರೆ ಬೇಲಿ ಹತ್ರ ನಿಂತು ಬಾಯಿಗೆ ಬಂದಂಗೆ ಬೈದಾಡಿ, ಸಂಜೆಗೆ ಉಪ್ಪು ಕೇಳಕ್ಕೆ ಹೋಗ್ತೀವಿ,” ಎಂದಳು. “ಇವ್ರು ದೊಡ್ಡೋರು, ಬೈಯಕ್ಕೂ ಬರಲ್ಲ ಪಾಪ.”

ಜನವರಿ ಇಪ್ಪತ್ತೊಂಬತ್ತರಂದು ಜನರಲ್ ತಮ್ಮ ಕನ್ನಡಕದ ಮೇಲೆ ಕುಳಿತರು. ಹೊಸದು ಫಿಲಡೆಲ್ಫಿಯಾದಿಂದ ಬರಬೇಕು, ದಾರಿಯೆಲ್ಲ ಹಿಮ. ಮರುದಿನವೇ ಗವರ್ನರ್ ಅವರ ಇನ್ನೊಂದು ಪತ್ರ ಬಂತು. ಓದಲು ಅಸಾನೇ ಗತಿಯಾದ.

ಈ ಸಲ ‘ವಿಧೇಯ’ವೂ ಬಿದ್ದುಹೋಗಿತ್ತು. ಬರೀ ‘ತಮ್ಮ ಸೇವಕ’. ಅಸಾ ಒಂದು ಕ್ಷಣ ಕಾಗದವನ್ನೇ ನೋಡಿದ. ಆಮೇಲೆ ಗಂಟಲು ಸರಿಮಾಡಿಕೊಂಡು, “ತಮ್ಮ ಅತ್ಯಂತ ವಿಧೇಯ, ಅತ್ಯಂತ ವಿನಮ್ರ ಸೇವಕ,” ಎಂದು ಓದಿದ. ಹುಟ್ಟಿದಾಗಿನಿಂದ ಅವನು ಇಲ್ಲದ್ದನ್ನು ಇದೆ ಎಂದು ಓದಿದವನಲ್ಲ. ಆದರೂ ನಾಲಿಗೆ ತಡವರಿಸಲಿಲ್ಲ.

“ಅತ್ಯಂತ ಅಂತ ಎರಡು ಸಲಾನೂ ಇದ್ಯಾ?”

“ಎರಡು ಸಲಾನೂ ಇದೆ.”

“ಹಾಗೆ ಬಾ ದಾರಿಗೆ,” ಎಂದ ಜನರಲ್ ಲೇಖನಿ ತರಿಸಿ ಸೆರೆಯವರ ಪತ್ರಕ್ಕೆ ಸಹಿ ಹಾಕಿದರು.

ಗವರ್ನರ್ ಒಪ್ಪಿಗೆ ನಾಲ್ಕೇ ದಿನದಲ್ಲಿ ಬಂತು. ಅವರದೇನೂ ತಕರಾರಿರಲಿಲ್ಲ, ಕೇಳಿದ್ದರೆ ಎಂದೋ ಕೊಡುತ್ತಿದ್ದರು.

ಅದಾಗಿ ಎರಡು ದಿನಕ್ಕೆ ಬಿಳಿ ಬಾವುಟ ಕಟ್ಟಿದ ಜಾರುಬಂಡಿ ಹೆಪ್ಪುಗಟ್ಟಿದ ನದಿ ದಾಟಿ ಬಂತು. ಅಸಾ ದಡದಲ್ಲಿ ಕಂಬಳಿ ಹಿಡಿದು ನಿಂತಿದ್ದ. ಏಳು ಜನ ಇಳಿದರು. ಅವನು ಬಂಡಿಯೊಳಗೆ ಬಗ್ಗಿ ನೋಡಿದ, ಹುಲ್ಲು ಮಾತ್ರ ಇತ್ತು. ಬಂಡಿ ಹೊಡೆಯುವವನು ಬ್ರಿಟಿಷ್ ಅಧಿಕಾರಿಯ ಪತ್ರವೊಂದನ್ನು ಕೈಗಿತ್ತ. ಅದನ್ನೂ ಅಸಾನೇ ಜನರಲ್ ಅವರಿಗೆ ಓದಿ ಹೇಳಬೇಕಾಯಿತು.

“ಪಟ್ಟಿಯಲ್ಲಿದ್ದ ರೂಬೆನ್ ಪೆಲ್ಟನ್ ಜನವರಿ ಹತ್ತೊಂಬತ್ತರಂದು ಜ್ವರದಿಂದ ತೀರಿಕೊಂಡನೆಂದು ತಿಳಿಸಲು ವಿಷಾದಿಸುತ್ತೇನೆ. ತಮ್ಮ ಅತ್ಯಂತ ವಿಧೇಯ, ಅತ್ಯಂತ ವಿನಮ್ರ ಸೇವಕ.”

ಈ ಸಲ ಅವನು ಏನನ್ನೂ ಸೇರಿಸಬೇಕಾಗಿರಲಿಲ್ಲ. ಎಲ್ಲ ಪದಗಳೂ ಕಾಗದದಲ್ಲೇ ಇದ್ದವು.

ಜನರಲ್ ಕಣ್ಣೊರೆಸಿಕೊಂಡರು, ಅದು ನಟನೆಯಲ್ಲ.

“ನಿಮ್ ತಾಯಿಗೆ ನಾನೇ ಬರೀತೀನಪ್ಪ. ವೀರನ ತಾಯಿ ಅಂತ ಬರಿ. ದೇಶ ಮರೆಯಲ್ಲ ಅಂತ ಬರಿ. ಕೊನೆ ಸಾಲು ಮಾತ್ರ ಪೂರ್ತಿ ಇರ್ಲಿ, ಒಂದು ಪದಾನೂ ಕಡಿಮೆ ಮಾಡ್ಬೇಡ.”

“ಆಗ್ಲಿ, ಸಾಹೇಬ್ರೇ.”

ಅಸಾಗೆ ಅಳು ಬರಲಿಲ್ಲ. ಸಿಟ್ಟು ಬಂತು. ಅಕ್ಷರ ಕೆಡದಂತೆ ನಿಧಾನವಾಗಿ ಬರೆದ. ಮರೀಟ್ಜೆ ದೀಪ ಹತ್ತಿರ ತಂದಿಟ್ಟು, ಅವನ ಹೆಗಲ ಮೇಲಿಂದ ಕಾಗದವನ್ನು ನೋಡಿ, ಒಲೆಯ ಕಡೆಗೆ ಹೋದಳು.

“ಓದು,” ಎಂದರು ಜನರಲ್.

ಅಸಾ ಓದಿದ. ವೀರನ ತಾಯಿ, ದೇಶ ಮರೆಯದು, ತಮ್ಮ ಅತ್ಯಂತ ವಿಧೇಯ, ಅತ್ಯಂತ ವಿನಮ್ರ ಸೇವಕ.

“ಚೆನ್ನಾಗಿದೆ. ಎಲ್ಲಿ ಹಾಕ್ಲಿ?”

ಅಸಾ ಅವರ ಕೈ ಹಿಡಿದು ಜಾಗ ತೋರಿಸಿದ. ಜನರಲ್ ದಪ್ಪ ಅಕ್ಷರಗಳಲ್ಲಿ ತಮ್ಮ ಪೂರ್ತಿ ಹೆಸರು ಬರೆದರು. ಅದರ ಮೇಲೆ ಎರಡೇ ಸಾಲುಗಳಿದ್ದವು: ‘ನಿಮ್ಮ ಮಗನನ್ನು ಬಿಡಿಸುವ ಕಾಗದಕ್ಕೆ ನಾನು ಇಪ್ಪತ್ತೊಂದು ದಿನ ಸಹಿ ಹಾಕಲಿಲ್ಲ. ಇನ್ನೊಬ್ಬರು ನನಗೆ ಎರಡು ಪದ ಕಡಿಮೆ ಬರೆದಿದ್ದರು.’