ಸತ್ತವರ ಪಟ್ಟಿಯಲ್ಲಿ ನಮ್ಮವರು

ಚರ್ಚಿನ ಪಕ್ಕದ ಸಭಾಂಗಣದಲ್ಲಿ ಕಥೋಲಿಕ ಹುಡುಗರ ಸಂಘದ ಅರವತ್ತನೇ ವರ್ಷದ ಸಭೆ ನಡೆದ ದಿನ, ಬೆಳಗಿನ ಹನ್ನೊಂದು ಗಂಟೆಗೆ, ನಾನು ವಿಧವೆಯಾಗಿ ಮೂರು ತಿಂಗಳಾಗಿದೆ ಎಂದು ನನಗೆ ತಿಳಿಯಿತು. ಆ ಹೊತ್ತಿಗೆ ನಮ್ಮವರು ಮನೆಯಲ್ಲಿ ಕುಳಿತು ಯಾರದೋ ಗೋಡೆ ಗಡಿಯಾರ ಬಿಚ್ಚುತ್ತಿದ್ದರು. ಮಂಡಿನೋವು, ನೀನೇ ಹೋಗಿ ಬಾ ಎಂದು ಅವರೇ ನನ್ನನ್ನು ಕಳಿಸಿದ್ದರು.

ಹೊಸದಾಗಿ ಸೇರುವ ಹದಿನಾಲ್ಕು ಹುಡುಗರಿಗೆ ನಾನು ನೀಲಿ ಭುಜಪಟ್ಟಿ ಹೊಲಿದುಕೊಟ್ಟಿದ್ದೆ. ನಮ್ಮವರು ಹುಟ್ಟಿ ಬೆಳೆದ ಈ ಊರಿಗೆ ನಾವು ಮರಳಿ ಬಂದು ಎರಡು ವರ್ಷವಷ್ಟೆ. ಹುಡುಗರಿಗೆ ನಾನು ಟೀಚರಮ್ಮ, ಅವರು ಗಡಿಯಾರದ ತಾತ. ಅವರ ನಿಜವಾದ ಹೆಸರು ಯಾರಿಗೂ ಗೊತ್ತಿರಲಿಲ್ಲ.

ಈ ಸಂಘದಲ್ಲಿ ಎಲ್ಲವನ್ನೂ ಹುಡುಗರೇ ನಡೆಸಬೇಕು. ದೊಡ್ಡವರು ಹಿಂದಿನ ಗೋಡೆಗೆ ಒರಗಿ ಕೂರಬೇಕು. ಸಭೆಯ ಅಪ್ಪಣೆಯಿಲ್ಲದೆ ಫಾದರ್ ಕೂಡ ಬಾಯಿ ಬಿಡುವಂತಿಲ್ಲ. ಇನ್ನೊಂದು ನಿಯಮವನ್ನು ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆದಿದ್ದರು: ಯಾರ ತಪ್ಪೇ ಆಗಲಿ, ಮೊದಲು ಎದ್ದು ನಿಲ್ಲುವವನು ನಾಯಕ.

ಕಾರ್ಯದರ್ಶಿ ಹುಡುಗ, ಮೀಸೆ ಇನ್ನೂ ಬರಲೋ ಬೇಡವೋ ಎನ್ನುತ್ತಿದ್ದವನು, ಎದ್ದು ಬದುಕಿರುವ ಹಳೆಯ ಸದಸ್ಯರ ಪಟ್ಟಿ ಓದಿದ. ಆಮೇಲೆ ದನಿ ತಗ್ಗಿಸಿ ತೀರಿಕೊಂಡವರ ಪಟ್ಟಿ ಹಿಡಿದ. ಮೊದಲ ಹೆಸರೇ ಸಂಘದ ಮೊದಲ ನಾಯಕರದು. ತಂದೆಯ ಹೆಸರು ಸಮೇತ ಓದಿದ. ಅದು ನಮ್ಮವರ ಹೆಸರು.

ಅವರು ಈ ಸಂಘದಲ್ಲಿದ್ದರೆಂಬುದೇ ನನಗೆ ಗೊತ್ತಿರಲಿಲ್ಲ. ಯಾವಾಗ ಎದ್ದು ನಿಂತೆನೋ ಅದೂ ಗೊತ್ತಾಗಲಿಲ್ಲ. ನೀವು ಅವರ ಬಳಗದವರಾ ಎಂದು ನಾಯಕ ಹುಡುಗ ಮೆಲ್ಲಗೆ ಕೇಳಿದ. ತಲೆಯಾಡಿಸಿದೆ. ಅಷ್ಟೂ ಹುಡುಗರು ಎದ್ದು ನಿಂತರು. ಒಬ್ಬ ಪುಟ್ಟ ಕುರ್ಚಿ ತಂದು ನನ್ನ ಕಾಲ ಹಿಂದೆ ಸರಿಸಿದ, ಇನ್ನೊಬ್ಬ ಕೈಗೆ ಮೇಣದ ಬತ್ತಿ ಕೊಟ್ಟ. ಗಡಿಯಾರ ಬಿಚ್ಚುತ್ತ ಕುಳಿತ ಗಂಡನಿಗಾಗಿ ಬತ್ತಿ ಹಚ್ಚಲು ಕೈ ಬರಲಿಲ್ಲ. ಅದನ್ನು ಅವರು ದುಃಖವೆಂದುಕೊಂಡರು. "ಪರವಾಗಿಲ್ಲ ಟೀಚರಮ್ಮ, ಮನೇಲೇ ಹಚ್ಚಿ," ಎಂದು ಆ ಪುಟ್ಟ ಬತ್ತಿಯನ್ನು ನನ್ನ ಚೀಲದಲ್ಲಿಟ್ಟ.

ಪಟ್ಟಿ ಮುಗಿದ ಮೇಲೆ ಕಾರ್ಯದರ್ಶಿಯನ್ನು ಕೇಳಿದೆ. ಮೂರು ತಿಂಗಳ ಹಿಂದೆ, ನಾವು ಮೊದಲಿದ್ದ ಊರಿನ ವಿಳಾಸಕ್ಕೆ ಪತ್ರ ಹಾಕಿದ್ದರಂತೆ, ಉತ್ತರ ಬಂದಿತ್ತಂತೆ. ಕಡತ ತೆಗೆದು ತೋರಿಸಿದ. "ಅವರು ತೀರಿಕೊಂಡಿದ್ದಾರೆ. ತಮ್ಮ ಸಮಾರಂಭಕ್ಕೆ ಶುಭವಾಗಲಿ." ಗಿರಾಕಿಗಳ ಗಡಿಯಾರಕ್ಕೆ ಕಟ್ಟುವ ಚೀಟಿಯ ಮೇಲೆ ದಿನವೂ ನಾನು ನೋಡುವ ಕೈಬರಹ.

ಮನೆಗೆ ಹೋಗಿ ಬತ್ತಿಯನ್ನು ಅವರ ತಿರುಪುಗಳ ಪಕ್ಕದಲ್ಲಿಟ್ಟೆ. "ನಿಮಗೆ ಕೊಟ್ಟಿದ್ದಾರೆ. ಯಾವಾಗ ತೀರಿಕೊಂಡ್ರಿ ಅಂತ ನನಗೂ ಒಂದು ಮಾತು ಹೇಳಬಾರದಿತ್ತಾ?"

ಕಣ್ಣಿಗೆ ಸಿಕ್ಕಿಸಿದ್ದ ಭೂತಗಾಜನ್ನು ಅವರು ತೆಗೆಯಲೇ ಇಲ್ಲ. ಹಾಗೇ ಕೇಳಿದರು, "ಗುಬ್ಬಿ ಹೆಸರು ಓದಿದ್ರಾ?"

ಐವತ್ತೆರಡು ವರ್ಷದ ಸಂಸಾರದಲ್ಲಿ ನಾನು ಆ ಗುಬ್ಬಿಯ ಸುದ್ದಿಯನ್ನೇ ಕೇಳಿರಲಿಲ್ಲ. ಆಮೇಲೆ ಒಂದೊಂದಾಗಿ ಹೇಳಿದರು. ಇವರಿಗಾಗ ಹದಿನೇಳು. ಚರ್ಚಿನ ಬಲಿಪೂಜೆಗೆಂದು ಇಟ್ಟಿದ್ದ ದ್ರಾಕ್ಷಾರಸವನ್ನು ಗೆಳೆಯನೊಬ್ಬನ ಜತೆ ಕುಡಿದು, ಖಾಲಿ ಬಾಟಲಿಯನ್ನು ತೊಳೆದಿಡು ಎಂದು ಎಲ್ಲರೂ ಗುಬ್ಬಿ ಎನ್ನುತ್ತಿದ್ದ ಹನ್ನೊಂದು ವರ್ಷದ ಹುಡುಗನಿಗೆ ಕೊಟ್ಟಿದ್ದರು. ಅವನು ಬಾಟಲಿ ಸಮೇತ ಸಿಕ್ಕಿಬಿದ್ದ. ಸಭೆಯಲ್ಲಿ ಅಂದಿನ ಫಾದರ್, ಕುಡಿದವರು ಯಾರು ಎಂದು ಕೇಳಿದಾಗ ಎಲ್ಲರೂ ನಾಯಕನ ಕಡೆ ನೋಡಿದರು. ನಾಯಕ ನೆಲ ನೋಡಿದ. ಗುಬ್ಬಿ ಬಾಯಿ ಬಿಡಲಿಲ್ಲ. ಅವನ ಹೆಸರು ಹೊಡೆದುಹಾಕಿದರು.

"ಭುಜಪಟ್ಟಿ ತೆಗಿ ಅಂದಾಗ ನೀಟಾಗಿ ಮಡಚಿ ನನ್ನ ಕೈಗೇ ಕೊಟ್ಟ ಕಣೆ. ಥ್ಯಾಂಕ್ಸ್ ಅಣ್ಣ ಅಂದ. ಮುಂದಿನ ವಾರ ಅವರ ಮನೆಯವರು ಊರೇ ಬಿಟ್ರು."

ಗಿರಾಕಿಯ ಒಂದು ತಿರುಪು ಉಳಿದರೂ ಮನೆ ಹುಡುಕಿಕೊಂಡು ಹೋಗಿ ಕೊಟ್ಟು ಬರುವ ಮನುಷ್ಯ ಇವರು. ಎದುರಿಗೆ ಕುಳಿತವರು ಯಾರೋ ಅಪರಿಚಿತರೆನಿಸಿ ನಾನು ಮೇಜಿನ ಅಂಚು ಹಿಡಿದುಕೊಂಡೆ.

"ಅದಕ್ಕೆ ಸತ್ತೇ ಹೋದ್ರಾ?"

"ಹಳೇ ಊರಿಂದ ತಿರುಗಿ ಬಂದ ಪತ್ರದಲ್ಲಿ, ಮೊದಲ ನಾಯಕರು ಬಂದು ನಾಯಕತ್ವದ ಬಗ್ಗೆ ನಾಲ್ಕು ಮಾತಾಡಬೇಕು ಅಂತ ಬರೆದಿದ್ರು. ಅದಕ್ಕಿಂತ ಸಾಯೋದೇ ವಾಸಿ ಅನ್ನಿಸ್ತು."

"ಗುಬ್ಬಿ ಹೆಸರು ಓದಲಿಲ್ಲ," ಎಂದೆ. "ಹೊಡೆದುಹಾಕಿದ ಹೆಸರು ಯಾರು ಓದ್ತಾರೆ? ಬದುಕಿರೋರಲ್ಲೂ ಇಲ್ಲ, ಸತ್ತೋರಲ್ಲೂ ಇಲ್ಲ. ನಿಮಗೆ ಮಾತ್ರ ಅಷ್ಟೂ ಹುಡುಗರು ಎದ್ದು ನಿಂತರು."

ಅವರು ಭೂತಗಾಜು ತೆಗೆದರು. ಬಿಚ್ಚಿದ ಗಡಿಯಾರವನ್ನು ಹಾಗೇ ಬಿಟ್ಟು ಎದ್ದು ಬೂಟು ಹುಡುಕಿದರು. ಮಂಡಿ ಬಾಗದು, ಲೇಸನ್ನು ನಾನೇ ಕಟ್ಟಿದೆ.

ಸಭೆ ಇನ್ನೂ ಮುಗಿದಿರಲಿಲ್ಲ. ನಮ್ಮವರು ಹಿಂದಿನ ಗೋಡೆಯ ಬಳಿ ನಿಂತು ಶಾಲೆಯ ಹುಡುಗನಂತೆ ಕೈ ಎತ್ತಿದರು. ನಾಯಕ ಅಪ್ಪಣೆ ಕೊಟ್ಟ. ಇವರು ತಮ್ಮ ಹೆಸರು ಹೇಳಿದರು. ಕಾರ್ಯದರ್ಶಿಯ ಕೈಯಿಂದ ಪೆನ್ನು ಜಾರಿ ಉರುಳಿಕೊಂಡು ಹೋಯಿತು, ಯಾರೂ ಎತ್ತಲಿಲ್ಲ. ಬಾಟಲಿ, ಗುಬ್ಬಿ, ಪತ್ರ, ಏನನ್ನೂ ಮುಚ್ಚಿಡದೆ ಇವರು ಹೇಳುತ್ತ ಹೋದಂತೆ ಹುಡುಗರ ಮುಖಗಳು ಬಿಳುಪೇರುತ್ತಿದ್ದವು. ಫಾದರ್ ಎರಡು ಸಲ ಬಾಯಿ ತೆರೆದು ನಿಯಮ ನೆನಪಾಗಿ ಮುಚ್ಚಿದರು.

ಕೊನೆಗೆ ಗುಬ್ಬಿಯ ಪೂರ್ತಿ ಹೆಸರನ್ನು, ತಂದೆಯ ಹೆಸರು ಸಮೇತ, ಹೇಳಿದರು. ಅರವತ್ತು ವರ್ಷ ಮರೆತಿರಲಿಲ್ಲ.

ಕಾರ್ಯದರ್ಶಿ ಪುಸ್ತಕ ತೆರೆದು ಒದ್ದಾಡಿದ. "ಯಾವ ಪಟ್ಟೀಲಿ ಬರೀಲಿ?"

ಬದುಕಿದ್ದಾನೋ ಇಲ್ಲವೋ ನಮ್ಮವರಿಗೇ ಗೊತ್ತಿರಲಿಲ್ಲ. ಅವರು ನಾಯಕನ ಮುಖ ನೋಡಿದರು. ಹದಿನಾರರ ಹುಡುಗ ಇವರ ಕಡೆ ನಗದೆ, ಸಿಟ್ಟೂ ಮಾಡದೆ ನೋಡಿದ.

"ಬದುಕಿರೋರ ಪಟ್ಟೀಲಿ ಬರಿ," ಎಂದ. "ಇವರೂ ಬೆಳಗ್ಗೆ ಸತ್ತೋರೇ ಅಲ್ವಾ. ಹುಡುಕೋಣ. ಪತ್ರ ತಾತನೇ ಬರೀಲಿ, ವಿಳಾಸ ನಾವು ಹುಡುಕ್ತೀವಿ."

ಆಮೇಲೆ ಸಭೆ ಮುಂದುವರಿಯಿತು. ಇವರು ನಿಂತೇ ಇದ್ದರು. ಬೆಳಗ್ಗೆ ನನಗೆ ಕುರ್ಚಿ ತಂದಿದ್ದ ಪುಟ್ಟ ಅದೇ ಕುರ್ಚಿಯನ್ನು ಎಳೆದು ತಂದು ಇವರ ಪಕ್ಕದಲ್ಲಿಟ್ಟ. ಸಭೆ ಮುಗಿಯುವವರೆಗೂ ನಮ್ಮವರು ಅದರ ಬೆನ್ನು ಹಿಡಿದುಕೊಂಡು ನಿಂತಿದ್ದರೇ ಹೊರತು ಕೂರಲಿಲ್ಲ. ನಾನೂ ಕೂರಿ ಎನ್ನಲಿಲ್ಲ.