ಎರಡು ಗೇಣಿನ ಧೈರ್ಯ

ಪುಟ್ಟಗೌರಮ್ಮ ಡಬ್ಬಿಯೊಂದನ್ನು ಮಗ ಬೈರೇಶನ ಹೆಣದ ಪಕ್ಕಕ್ಕೆ ಸುರಿಯುವಾಗ ವನಜಾಕ್ಷಿ ಅತ್ತೆಯ ಮೊಣಕೈ ಹಿಡಿದಳು. ಅಷ್ಟರಲ್ಲಿ ಅರ್ಧ ಹುಳಗಳು ಚಟ್ಟದ ಮೇಲೆ ಬಿದ್ದಿದ್ದವು. ಆರು ಕಾಲಿನ, ಅರಗು ಹಚ್ಚಿದ ಮರದ ಹುಳಗಳು.

“ಬುಡಮ್ಮೀ. ಇವರಪ್ಪನ ಗುಂಡಿಗೆ ಬೀಡಿಕಟ್ಟು ಹಾಕಿದ್ವಿ. ಇವನಿಗೆ ಇವೇ ಇಷ್ಟ.”

“ಬೇಡತ್ತೆ. ಆಟ ಮುಗಿದಿಲ್ಲ.”

ಬೆಳಿಗ್ಗೆಯಿಂದ ವನಜಾಕ್ಷಿ ಆಡಿದ ಮೊದಲ ಮಾತು ಅದು.

ಕೋಡಿಹಳ್ಳಿಯ ಮನೆ ಮುಂದೆ, ಶಾಮಿಯಾನದ ಕೆಳಗೆ ಕೂತಿದ್ದ ನೆಂಟರು ಇತ್ತ ತಿರುಗಿದರು. ಬೈರೇಶನ ದೊಡ್ಡಪ್ಪ ನರಸಯ್ಯ ಒಂದು ಹುಳವನ್ನು ಎತ್ತಿ ಹಿಡಿದ.

“ಏನ್ಲಾ ಸಾಬೀರ್ ಇದು, ಜಿರಲೆನಾ?”

ಸಾಬೀರ್ ಚನ್ನಪಟ್ಟಣದಲ್ಲಿ ಗೊಂಬೆ ಕಡೆಯುವವನು, ಬೈರೇಶನ ಗೆಳೆಯ. ತಲೆ ಎತ್ತದೆ ಹೇಳಿದ, “ಬೇರೆ ಲೋಕದ ಹುಳ ಕಣಣ್ಣೋ. ಯುದ್ಧ ಮಾಡ್ತವೆ. ಮೇಜಿನ ಮೇಲೆ ಆಡೋದು.”

“ಫಿನಾಯಿಲ್ ಹೊಡುದ್ರೆ ಸಾಯಕಿಲ್ವಾ?”

ಯಾರೋ ನಕ್ಕರು. ಆಮೇಲೆ ಹೆಣ ನೆನಪಾಗಿ ಕೆಮ್ಮಿದರು.

*

ಬಿಡದಿಯ ಕಾರ್ಖಾನೆಯಿಂದ ರಾಮನಗರದ ಬಾಡಿಗೆ ಮನೆಗೆ ಬಂದವನೇ ಬೈರೇಶ್ ಊಟದ ಮೇಜಿನ ಮೇಲೆ ಸೈನ್ಯ ಹೂಡುತ್ತಿದ್ದ. ಆಟ ಅವನು ಕಟ್ಟಿದ್ದು, ಕಾಯಿ ಸಾಬೀರ್ ಕಡೆದದ್ದು. ಮನುಷ್ಯರ ಪಡೆಗೆ ನಿಯಮ ಸುಲಭ. ಅರ್ಧ ಜನ ಸತ್ತರೆ ದಾಳ ಹಾಕು. ಕಡಿಮೆ ಬಿದ್ದರೆ ಉಳಿದವರು ಓಡಿಹೋಗುತ್ತಾರೆ. ಹುಳಗಳು ಓಡುವುದೇ ಇಲ್ಲ ಎಂದು ನಿಯಮ ಇಟ್ಟ. ಹುಳದ ಪಡೆ ಹಿಡಿದ ಸಾಬೀರ್ ಪ್ರತಿ ಸಲ ಗೆದ್ದ.

“ಹೆದರಿಕೆನೇ ಇಲ್ಲದ್ದನ್ನ ಸೋಲ್ಸೋದು ಹೆಂಗೆ?” ಎಂದು ಹೆಂಡತಿಯನ್ನು ಕೇಳಿದ ಬೈರೇಶ್.

ವನಜಾಕ್ಷಿ ಪ್ರಾಣಿಶಾಸ್ತ್ರ ಓದಿದವಳು. ಸೊಪ್ಪು ಬಿಡಿಸುತ್ತಾ ಹೇಳಿದಳು, “ಒಂಟಿ ಮಾಡು. ಗೂಡಿಂದ ದೂರ ಬಿಟ್ರೆ ಇರುವೆ ಸುಮ್ನೆ ಸುತ್ತುತ್ತೆ. ಸುತ್ತಿ ಸುತ್ತಿ ಸಾಯುತ್ತೆ.”

ತಾಯಿಹುಳ ಹುಟ್ಟಿದ್ದು ಆವತ್ತು. ತಾಯಿಯಿಂದ ಎರಡು ಗೇಣಿನೊಳಗಿದ್ದರೆ ಹುಳಕ್ಕೆ ದಾಳವಿಲ್ಲ. ಆಚೆ ಹೋದರೆ ದಾಳ; ಕಡಿಮೆ ಬಿದ್ದರೆ ದಿಕ್ಕು ತಪ್ಪಿ ನಿಂತಲ್ಲೇ ಸುತ್ತಬೇಕು. ಯಾರ ಗೇಣು ಎಂದು ಗೆಳೆಯರಿಬ್ಬರೂ ಜಗಳವಾಡಿದರು. “ನಿಂದು ಕೈಯಲ್ಲ ಕಣ್ಲಾ, ಮೊರ,” ಅಂದಿದ್ದ ಸಾಬೀರ್.

ತಾಯಿಯೇ ಸತ್ತರೆ ಏನು ಎಂಬುದು ಉಳಿದಿತ್ತು. ಭಾನುವಾರ ಆಡಿ ನೋಡೋಣ ಎಂದಿದ್ದ ಬೈರೇಶ್. ಶುಕ್ರವಾರ ಹೆದ್ದಾರಿಯಲ್ಲಿ ಅವನ ಬೈಕಿಗೆ ಲಾರಿ ಬಡಿಯಿತು.

*

ಹೆಣವನ್ನು ಗುಂಡಿಗೆ ಇಳಿಸಿದರು. ಪುಟ್ಟಗೌರಮ್ಮ ಹುಳಗಳನ್ನೆಲ್ಲ ಮಡಿಲಿಗೆ ತುಂಬಿಕೊಂಡು ಅಂಚಿನಲ್ಲಿ ಕೂತಿದ್ದಳು.

“ಹಾಕ್ಬುಡು ಗೌರಮ್ಮ, ಹೊತ್ತಾಯ್ತು,” ಎಂದ ನರಸಯ್ಯ.

ವನಜಾಕ್ಷಿ ಅತ್ತೆಯ ಪಕ್ಕದಲ್ಲಿ ಕೂತಳು. “ಕೊಡಿ ಅತ್ತೆ. ನಾನೂ ಸಾಬೀರಣ್ಣನೂ ಮುಗಿಸ್ತೀವಿ. ಅವರದ್ದು ಅಂತ ನಾನು ಬೇರೇನೂ ಕೇಳಲ್ಲ.”

“ಏನಮ್ಮೀ ಮುಗಿಸ್ತೀಯ?”

“ಇವು ಯಾವಾಗ ಹೆದರ್ತವೆ, ಯಾವಾಗ ಹೆದರಲ್ಲ ಅನ್ನೋದನ್ನ.” ಅತ್ತೆಯ ಮಡಿಲಿನಿಂದ ದಪ್ಪನೆಯ ಕೆಂಪು ಹುಳವೊಂದನ್ನು ಹುಡುಕಿ ತೆಗೆದಳು. “ಇದು ಅವ್ವ. ಇವಳ ಹತ್ರ ಇದ್ರೆ ಮರಿಗಳಿಗೆ ಯಾವ ಭಯನೂ ಇಲ್ಲ. ದೂರ ಹೋದ್ರೆ ದಿಕ್ಕು ತಪ್ತವೆ.”

ಪುಟ್ಟಗೌರಮ್ಮ ಅದನ್ನು ಈಸಿಕೊಂಡು ತಿರುಗಿಸಿ ನೋಡಿದಳು.

“ಮರಿ ಸತ್ರೆ ಇವಳಿಗೇನಾಯ್ತದೆ?”

ವನಜಾಕ್ಷಿಗೆ ಉತ್ತರ ಗೊತ್ತಿತ್ತು. ಸಾಬೀರನ ಮುಖ ನೋಡಿದಳು.

“ಏನೂ ಆಗಕಿಲ್ಲವ್ವ,” ಎಂದ ಅವನು. “ಅವಳಿಗೆ ದಾಳ ಇಲ್ಲ. ಎಷ್ಟು ಮರಿ ಸತ್ರೂ ಆಟದಾಗೇ ಇರ್ತಾಳೆ.”

ಪುಟ್ಟಗೌರಮ್ಮ ಮಡಿಲಿನಲ್ಲಿದ್ದುದನ್ನೆಲ್ಲ ಸೊಸೆಯ ಸೆರಗಿಗೆ ಸುರಿದಳು. ಕೈಯಲ್ಲಿದ್ದ ತಾಯಿಹುಳವನ್ನು ಮಾತ್ರ ಕೊಡಲಿಲ್ಲ. ವನಜಾಕ್ಷಿ ಕೇಳಲೂ ಇಲ್ಲ.

ಮೊದಲ ಮಣ್ಣು ಹಾಕಲು ತಾಯಿಯನ್ನೇ ಕರೆದರು. ಪುಟ್ಟಗೌರಮ್ಮ ಬಗ್ಗಿ ಬಲಗೈಯಲ್ಲಿ ಹಿಡಿ ಮಣ್ಣು ತೆಗೆದು ಮಗನ ಎದೆಯ ಮೇಲೆ ಬಿಟ್ಟಳು. ಮತ್ತೆ ಬಗ್ಗಿದಳು. ಬಿಗಿದ ಎಡಗೈಯ ಬೆರಳ ಸಂದಿಯಿಂದ ಕೆಂಪು ಅರಗಿನ ಎರಡು ಕಾಲುಗಳು ಹೊರಗೆ ಚಾಚಿದ್ದವು.